ಮೂರನೆಯ ಸಲವೂ ಬೇಡ ಎಂದ ಆರ್ಲಿಸ್

ನಮ್ಮೂರಲ್ಲಿ ಯಾರ ಮನೆಗೆ ಹೋದರೂ ಕಾಫಿ ಬೇಕಾ ಎಂದು ಕೇಳುತ್ತಾರೆ. ಮೊದಲ ಸಲ ಕೇಳಿದಾಗ ‘ಬೇಡ ಬೇಡ, ಈಗಷ್ಟೇ ಕುಡಿದೆ’ ಎನ್ನಬೇಕು. ಎರಡನೆಯ ಸಲ ‘ಅಯ್ಯೋ, ನಿಮಗ್ಯಾಕೆ ಸುಮ್ಮನೆ ತೊಂದರೆ’ ಎನ್ನಬೇಕು. ಮೂರನೆಯ ಸಲ ‘ಇಷ್ಟು ಬಲವಂತ ಮಾಡ್ತಿದ್ದೀರಲ್ಲ, ಒಂದರ್ಧ ಕಪ್ಪು ಕೊಡಿ’ ಎಂದು ಹೇಳಿ, ಎರಡು ಕಪ್ಪು ಕುಡಿದು, ಪಕ್ಕದಲ್ಲಿಟ್ಟ ಕೇಕನ್ನೂ ಮುಗಿಸಿ ಏಳಬೇಕು. ನಮ್ಮ ಅಜ್ಜಂದಿರು ನಾರ್ವೆಯಿಂದ ಹಡಗು ಹತ್ತುವಾಗ ತಂದ ಸಾಮಾನುಗಳಲ್ಲಿ ಇದೂ ಒಂದು. ಮೊದಲ ಸಲಕ್ಕೇ ‘ಕೊಡಿ’ ಎಂದವನನ್ನು ನಮ್ಮ ಕಡೆ ಹೊಟ್ಟೆಬಾಕ ಎನ್ನುತ್ತಾರೆ. ಮೂರನೆಯ ಸಲವೂ ‘ಬೇಡ’ ಎಂದವರನ್ನು ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ, ಯಾಕೆಂದರೆ ಅಂಥವರನ್ನು ಯಾರೂ ಕಂಡಿರಲಿಲ್ಲ. ಹೋದ ವರ್ಷ ನನ್ನ ಅತ್ತಿಗೆಯ ದಯೆಯಿಂದ ಇಡೀ ಊರು ಕಂಡಿತು.

ಅತ್ತಿಗೆಯ ಹೆಸರು ಆರ್ಲಿಸ್, ನನ್ನ ಅಣ್ಣ ಓರಿನ್‌ನ ಹೆಂಡತಿ. ನಾನು ವರ್ಡೆಲ್. ಊರ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು, ಮದುವೆಯ ಗೋಜಿಗೆ ಹೋಗದವಳು, ಅನಿಸಿದ್ದನ್ನು ಮುಖಕ್ಕೆ ಹೊಡೆದಂತೆ ಹೇಳುವವಳು ಎಂದು ಹೆಸರು ಕೆಡಿಸಿಕೊಂಡವಳು. ಆರ್ಲಿಸ್ ಇದಕ್ಕೆ ತದ್ವಿರುದ್ಧ. ಯಾರಿಗೂ ಇಲ್ಲ ಎನ್ನಲು ಬಾಯಿ ಬಾರದು. ಚರ್ಚಿನ ಹಾಡಿನ ಗುಂಪಿಗೆ ಜನ ಸಾಲದು ಎಂದಾಗ ಸ್ವರವೇ ಇಲ್ಲದ ಈಕೆ ಹೋಗಿ ನಿಂತಳು, ಇಂದಿಗೂ ಬಾಯಿ ಮಾತ್ರ ಆಡಿಸುತ್ತಾಳೆ. ಪಕ್ಕದ ಮನೆಯವರು ಊರು ಬಿಡುವಾಗ ‘ಬೆಕ್ಕು ನೋಡ್ಕೋತೀಯಾ’ ಎಂದರು. ಒಂದು ಬೆಕ್ಕು ಎಂದುಕೊಂಡು ಒಪ್ಪಿದಳು, ಬುಟ್ಟಿಯಿಂದ ಇಡೀ ಸಂಸಾರವೇ ಇಳಿಯಿತು. ‘ನಿನಗೆ ಬೆನ್ನುಮೂಳೆ ಅನ್ನೋದು ಇದೆಯಾ?’ ಎಂದು ನಾನು ಬೈದರೆ ಮುಗುಳ್ನಕ್ಕು ನನ್ನ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕುತ್ತಿದ್ದಳು.

ಹಾಗೆಂದು ಅವಳೇನು ಕೈಲಾಗದವಳಲ್ಲ. ರೆಡ್ ನದಿಯ ಈ ನಮ್ಮ ಬಯಲಿನಲ್ಲಿ, ನಾರ್ತ್ ಡಕೋಟದ ಈ ಮಗ್ಗುಲಿನಲ್ಲಿ, ಅಕ್ಟೋಬರ್ ಬಂತೆಂದರೆ ಸಕ್ಕರೆ ಬೀಟಿನ ಸುಗ್ಗಿ. ನೆಲ ಹೆಪ್ಪುಗಟ್ಟುವ ಮೊದಲು ಬೀಟಿನ ಗೆಡ್ಡೆಯೆಲ್ಲ ಹೊರಗೆ ಬರಬೇಕು. ಹುಡುಗಿಯಾಗಿದ್ದಾಗ ಆರ್ಲಿಸ್ ಅಪ್ಪನ ಬೀಟಿನ ಲಾರಿ ಓಡಿಸುತ್ತಿದ್ದಳು. ನನ್ನ ಅಣ್ಣ ಅವಳನ್ನು ಮೊದಲು ಕಂಡದ್ದೇ ಅಲ್ಲಿ. ಆಸಾಮಿ ಜಂಬದಿಂದ ಅಗತ್ಯಕ್ಕಿಂತ ಜಾಸ್ತಿ ತುಂಬಿಕೊಂಡು ಹೋಗಿ ಕೆಸರಿನಲ್ಲಿ ಹೂತುಕೊಂಡಿದ್ದ. ಆರ್ಲಿಸ್ ತನ್ನ ಲಾರಿಗೆ ಸರಪಳಿ ಕಟ್ಟಿ ಅವನನ್ನು ಎಳೆದು ದಡಕ್ಕೆ ಹಾಕಿದಳು. ಆ ಶನಿವಾರ ಕುಣಿತಕ್ಕೆ ಕರೆದ. ಎರಡು ಸಲ ಬೇಡವೆಂದು ಮೂರನೆಯ ಸಲ ಬಂದಳು. ಮದುವೆ ಆಗ್ತೀಯಾ ಎಂದು ಕೇಳಿದಾಗಲೂ ಅದೇ ಲೆಕ್ಕವಂತೆ. ಮದುವೆಯಾದ ಮೇಲೆ ಸ್ಟೀರಿಂಗು ಓರಿನ್‌ನದು, ಪಕ್ಕದ ಸೀಟಿನ ಭೂಪಟ ಅವಳದು.

ಓರಿನ್ ಹೊಲವನ್ನು ಗೇಣಿಗೆ ಬಿಟ್ಟ ಮೇಲೆ ಇಬ್ಬರೂ ಒಂದು ಟ್ರೇಲರ್ ಮನೆ ಕೊಂಡರು. ಒಳಗೆ ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ, ಪಿಕಪ್ ಗಾಡಿಯ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಮನೆ. ಬೀಟಿನ ಸುಗ್ಗಿ ಮುಗಿಯುತ್ತಲೇ ಅರಿಜೋನಾಗೆ ಹೊರಟರೆ ಏಪ್ರಿಲ್‌ಗೆ ವಾಪಸು. ಹಿಂದಿನ ಸೀಟಿನಲ್ಲಿ ನಾನು ಖಾಯಂ. ಅಲ್ಲಿ ಟ್ರೇಲರುಗಳು ತಂಗುವ ಬಯಲಿನಲ್ಲಿ ಅರ್ಧಕ್ಕರ್ಧ ನಮ್ಮ ಜಿಲ್ಲೆಯವರೇ. ಚಳಿ ತಪ್ಪಿಸಿಕೊಂಡು ಓಡಿಬಂದ ಈ ಜನ, ಓಡಿಬಂದ ಊರನ್ನೇ ನೆನೆನೆನೆದು ಕೊರಗುತ್ತಾರೆ. ಅರಿಜೋನಾದ ಆಲೂಗಡ್ಡೆಯಲ್ಲಿ ಲೆಫ್ಸೆ ಏಳುವುದಿಲ್ಲವಂತೆ! ಲೆಫ್ಸೆ ಎಂದರೆ ಕ್ರಿಸ್ಮಸ್ಸಿಗೆ ನಾವು ತಟ್ಟುವ ಆಲೂಗಡ್ಡೆಯ ತೆಳು ರೊಟ್ಟಿ. ಅದಕ್ಕೆ ನಮ್ಮ ಬಯಲಿನ ಕೆಂಪು ಆಲೂಗಡ್ಡೆಯೇ ಆಗಬೇಕು. ಅಲ್ಲಿನ ನಲ್ಲಿ ನೀರಿನಲ್ಲಿ ಕಾಫಿ ಕೆಡುತ್ತದಂತೆ, ಊರ ಬಾವಿಯ ನೀರೇ ಬೇಕಂತೆ. ಹೀಗಾಗಿ ಓರಿನ್ ದಂಪತಿ ಹೊರಡುತ್ತಾರೆ ಎಂದರೆ ಊರಿಗೆ ಊರೇ ಗಂಟು ಹಿಡಿದು ಬರುತ್ತಿತ್ತು. ಇದೊಂದು ಮೂಟೆ ನಮ್ಮಕ್ಕನಿಗೆ, ಇದೊಂದು ಕ್ಯಾನು ನಮ್ಮ ಭಾವನಿಗೆ, ಜಿಂಕೆ ಮಾಂಸದ ಈ ನಾಲ್ಕು ಬಾಟಲಿ ಪಾದ್ರಿಗಳ ತಂಗಿಗೆ. ಅತ್ತಿಗೆ ಎರಡು ಸಲ ಬೇಡ ಎನ್ನುವಳು, ಮೂರನೆಯ ಸಲ ಬಾಗಿಲು ತೆಗೆಯುವಳು.

‘ಇರಲಿ ಬಿಡೇ, ಈ ಗಾಡಿ ಬೇಕಾದ್ರೆ ನಮ್ಮ ಚರ್ಚನ್ನೇ ಎಳೆಯುತ್ತೆ’ ಎಂದು ಓರಿನ್ ಬಾನೆಟ್ಟು ತಟ್ಟುವನು.

ಇದೆಲ್ಲ ನಗುನಗುತ್ತ ನಡೆದಿತ್ತು, ಓರಿನ್‌ನ ಎದೆ ಕೈಕೊಡುವವರೆಗೆ. ಜೀವಮಾನವಿಡೀ ಧಾನ್ಯದ ಧೂಳು ಕುಡಿದ ಶ್ವಾಸಕೋಶ. ಆಚೆ ವರ್ಷ, ಹೊರಡುವ ಮೊದಲೇ, ಕಫ ಕಟ್ಟಿ ಆಸ್ಪತ್ರೆ ಸೇರಿದ, ಆ ಚಳಿಗಾಲ ಊರಲ್ಲೇ ಕಳೆಯಬೇಕಾಯಿತು. ನಮ್ಮ ಚಳಿಗಾಲದ ಗಾಳಿ ಮೂಗಿಗೆ ಬಿದ್ದರೆ ಆರೋಗ್ಯವಂತನಿಗೇ ಕೆಮ್ಮು. ಓರಿನ್ ಕಿಟಕಿಯ ಬಳಿ ಕುರ್ಚಿಯಲ್ಲಿ, ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡು, ತಿಂಗಳುಗಟ್ಟಲೆ ಕೂತಿದ್ದ. ಒಂದು ದಿನ ಅತ್ತಿಗೆ ‘ಕಾಫಿ ಬೇಕಾರೀ?’ ಎಂದಳು. ಓರಿನ್ ಸುಮ್ಮನೆ ಹೂಂ ಎಂಬಂತೆ ತಲೆಯಾಡಿಸಿಬಿಟ್ಟ. ಮೊದಲ ಸಲಕ್ಕೇ! ಬೇಡ ಎನ್ನಲು ಅವನ ಹತ್ತಿರ ಉಸಿರಿರಲಿಲ್ಲ. ಅತ್ತಿಗೆ ಅಡುಗೆಮನೆಗೆ ಬಂದು ಸಿಂಕಿನ ಮುಂದೆ ನಿಂತು ಅತ್ತಳು. ನಾನೂ ಅತ್ತೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ವಸಂತದಲ್ಲಿ ಡಾಕ್ಟರು ಅವಳನ್ನು ಕೂರಿಸಿಕೊಂಡು ಹೇಳಿದರು: ‘ಇನ್ನೊಂದು ಚಳಿಗಾಲ ಇಲ್ಲಿ ಕಳೆದ್ರೆ ನಾನು ಯಾವ ಭರವಸೇನೂ ಕೊಡಲಾರೆ. ಬೆಚ್ಚಗಿರೋ ಕಡೆ ಕರ್ಕೊಂಡು ಹೋಗಿ.’

ವಿಮಾನದಲ್ಲಿ ಹೋದರೆ ಉಳಿಯುವುದೆಲ್ಲಿ? ಅವರ ಬೆಚ್ಚಗಿನ ಮನೆ ಎಂದರೆ ಆ ಟ್ರೇಲರೇ. ಅದನ್ನು ಎಳೆಯಲು ಓರಿನ್‌ಗೆ ಇನ್ನು ಆಗದು. ಹೋದ ವರ್ಷ ಸೆಪ್ಟೆಂಬರಿನಲ್ಲಿ ಊಟದ ಮೇಜಿನ ಮೇಲೆ ಅವನು ಗಾಡಿಯ ಕೀಲಿ ಇಟ್ಟು ಹೆಂಡತಿಯ ಕಡೆ ತಳ್ಳಿದ.

‘ಬೇಡ’ ಎಂದಳು ಅತ್ತಿಗೆ.

‘ತಗೊಳ್ಳೇ.’

‘ಬೇಡಾರೀ, ನಿಮ್ಮ ಗಾಡಿ ಅದು.’

‘ಆರ್ಲಿಸ್. ತಗೋ.’

ತೆಗೆದುಕೊಂಡಳು. ಹಿಮ ಬೀಳುವ ಮೊದಲು ಅವನನ್ನು ಸುರಕ್ಷಿತವಾಗಿ ದಕ್ಷಿಣಕ್ಕೆ ಮುಟ್ಟಿಸಬೇಕು, ಇಷ್ಟೇ ಕೆಲಸ. ಆದರೆ ಸುದ್ದಿ ಊರಿಗೆ ಹಬ್ಬಿತು. ಆರ್ಲಿಸ್ ಹೋಗ್ತಾಳಂತೆ! ಒಂದು ವರ್ಷ ತಪ್ಪಿಹೋಗಿತ್ತಲ್ಲ, ಈ ಸಲ ಗಂಟುಗಳು ದುಪ್ಪಟ್ಟಾದವು. ಆಲೂಗಡ್ಡೆ ಮೂಟೆಗಳು, ನೀರಿನ ಕ್ಯಾನುಗಳು, ಬೀಟಿನ ಉಪ್ಪಿನಕಾಯಿ ಜಾಡಿಗಳು, ಯಾರದೋ ಕಬ್ಬಿಣದ ಹಂಚು. ಎಂಬತ್ತು ದಾಟಿದ ಥೋರಾ, ಅರಿಜೋನಾದಲ್ಲಿರುವ ಅಕ್ಕ ಬೋರ್ಗಿಲ್ಡ್‌ಗೆಂದು ಎರಡು ಮೂಟೆ ತಂದು ಬಾಗಿಲಲ್ಲಿಟ್ಟಳು. ನನ್ನದೂ ಒಂದು ಹೊಲಿಗೆ ಯಂತ್ರವಿತ್ತು. ಹಳೇ ಕಾಲದ್ದು, ಎರಕದ ಕಬ್ಬಿಣದ್ದು. ಅದೇನು ಮಹಾ ಭಾರ?

ಟ್ರೇಲರಿನ ಮುಂದಿನ ಡಬ್ಬಿಯಲ್ಲೂ ಪಿಕಪ್ಪಿನ ಬೆನ್ನಮೇಲೂ ತುಂಬಿ ಕೊಕ್ಕೆ ಸಿಕ್ಕಿಸಿದೆವು. ಪಿಕಪ್ಪಿನ ಹಿಂಭಾಗ ಕುಸಿದು, ಮೂತಿ ಆಕಾಶ ನೋಡತೊಡಗಿತು.

‘ನಕ್ಷತ್ರ ಎಣಿಸ್ತಿದೆಯಲ್ಲೇ ನಿಮ್ಮ ಗಾಡಿ’ ಎಂದೆ ನಾನು.

‘ಮುಂದಿನ ಭಾರ ತೆಗೆದು ಟ್ರೇಲರಿನ ಹಿಂದಕ್ಕೆ ಹಾಕಿ. ನೆಟ್ಟಗಾಗುತ್ತೆ’ ಎಂದ ಓರಿನ್, ಕುರ್ಚಿಯಿಂದಲೇ.

ಮುಂದಿನ ಡಬ್ಬಿಯ ಮೂಟೆಗಳನ್ನು ಹೊತ್ತು ಟ್ರೇಲರಿನ ಬಾಲದ ಕಡೆ, ಹಾಸಿಗೆಯ ಕೆಳಗೆ ತುರುಕಿದೆವು. ಮೂತಿ ಅಷ್ಟಿಷ್ಟು ಇಳಿಯಿತು. ಓರಿನ್ ಹೆಬ್ಬೆರಳು ಎತ್ತಿ ತೋರಿಸಿದ. ಅಭ್ಯಾಸಕ್ಕೆಂದು ಮೂವರೂ ಹೆದ್ದಾರಿಗೆ ಹೊರಟೆವು.

ಮೊದಲಿಗೆ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿ ಭರ್ರೆಂದು ಹೋಯಿತು. ಅದರ ಗಾಳಿಗೆ ಟ್ರೇಲರ್ ಒಮ್ಮೆ ಎಡಕ್ಕೆ ವಾಲಿತು, ಆಮೇಲೆ ಬಲಕ್ಕೆ, ಆಮೇಲೆ ಇನ್ನೂ ಜೋರಾಗಿ ಎಡಕ್ಕೆ. ನಾಯಿ ಬಾಲ ಆಡಿಸಿದಂತಲ್ಲ, ಬಾಲವೇ ನಾಯಿಯನ್ನು ಆಡಿಸಿದಂತೆ. ನಮ್ಮ ಪಿಕಪ್ಪಿನ ಹಿಂದಿನ ಚಕ್ರಗಳು ರಸ್ತೆಯ ಮೇಲೆ ಜಾರುವುದು ನನ್ನ ಕುಂಡಿಗೇ ತಿಳಿಯುತ್ತಿತ್ತು.

‘ಬ್ರೇಕ್ ಹಾಕೇ! ಬ್ರೇಕ್ ಹಾಕೇ!’ ಎಂದು ಕಿರುಚಿದೆ.

‘ಸುಮ್ನಿರು ವರ್ಡೆಲ್’ ಎಂದಳು ಅತ್ತಿಗೆ. ಕಾಲನ್ನು ಎಲ್ಲದರಿಂದ ಎತ್ತಿದಳು. ಸ್ಟೀರಿಂಗನ್ನು ನೆಟ್ಟಗೆ ಹಿಡಿದುಕೊಂಡು, ಟ್ರೇಲರಿನ ಚಕ್ರಕ್ಕಷ್ಟೇ ಬ್ರೇಕು ಹಾಕುವ ಪುಟ್ಟ ಹಿಡಿಕೆ ಇರುತ್ತದಲ್ಲ, ಅದನ್ನು ಬಲಗೈಯಿಂದ ಮೆಲ್ಲಗೆ ಹಿಂಡಿದಳು. ಹಿಂದಿನ ಮನೆ ಜಗ್ಗಿತು, ತುಯ್ದಾಟ ಕಡಿಮೆಯಾಯಿತು, ಗಾಡಿ ರಸ್ತೆಯ ಬದಿಗೆ ಬಂದು ನಿಂತಿತು. ಓರಿನ್‌ನ ನಳಿಕೆ ಸುಯ್ ಸುಯ್ ಎನ್ನುತ್ತಿತ್ತು. ಅವನ ತುಟಿ ನೀಲಿಯಾಗಿತ್ತು. ಅತ್ತಿಗೆ ಅದನ್ನೇ ನೋಡುತ್ತ ಕೂತಿದ್ದಳು.

‘ಬೀಟಿನ ಲಾರೀನ ಪ್ರತಿ ಸಲ ತೂಗಿಸ್ತಿದ್ದೆವು’ ಎಂದಳು ಕೊನೆಗೆ. ‘ಇದನ್ನ ಒಂದು ಸಲವೂ ತೂಗಿಸಿಲ್ಲ. ಯಾಕೆ ಅಂದ್ರೆ ಇದನ್ನ ಮನೆ ಅಂದ್ಕೊಂಡ್ವಿ, ಲೋಡು ಅಂದ್ಕೊಳ್ಳಲೇ ಇಲ್ಲ.’

ನಮ್ಮಂಥ ಊರಿನಲ್ಲಿ ಗಾಡಿ ತೂಗಬೇಕೆಂದರೆ ಇರುವುದು ಒಂದೇ ಜಾಗ, ರೈಲು ಹಳಿಯ ಪಕ್ಕದ ಧಾನ್ಯದ ಉಗ್ರಾಣ. ಲಾರಿಗಟ್ಟಲೆ ಗೋಧಿ ತೂಗುವ ಕಟ್ಟೆ ಅಲ್ಲಿದೆ. ಅದರ ನೆತ್ತಿಯ ಮೇಲೆ, ಅರ್ಧ ಮೈಲಿಯಿಂದಲೂ ಓದಬಹುದಾದ ಕೆಂಪು ಅಂಕಿಗಳ ಹಲಗೆ. ಊರ ಗಂಡಸರು ಬೆಳಗ್ಗೆ ಕಾಫಿಗೆ ಸೇರುವುದೂ ಅಲ್ಲೇ, ಆ ಹಲಗೆಯ ಎದುರಿನ ಕಿಟಕಿಯಲ್ಲೇ. ಅತ್ತಿಗೆ ಇಪ್ಪತ್ತು ಮೈಲಿ ವೇಗದಲ್ಲಿ, ಹಿಂದೆ ಬರುವವರ ಹಾರನ್ನಿಗೆಲ್ಲ ಕಿವುಡಾಗಿ, ನೇರ ಅಲ್ಲಿಗೇ ತಂದು ನಿಲ್ಲಿಸಿದಳು.

ತೂಕದ ಕಿಟಕಿಯಿಂದ ಡ್ವೇನ್ ತಲೆ ಹೊರಗೆ ಹಾಕಿದ. ‘ಏನಮ್ಮ, ಗೋಧಿ ತಂದ್ಯಾ?’

‘ಇಲ್ಲ, ಗಂಡನ್ನ ತಂದೆ. ತೂಗು.’

‘ಅವನಿಗೆ ಈಗ ರೇಟಿಲ್ಲ ಕಣಮ್ಮ.’

ಒಳಗಿನಿಂದ ಗಂಡಸರೆಲ್ಲ ಕಪ್ಪು ಹಿಡಿದು ಹೊರಗೆ ಬಂದರು. ಬಿಟ್ಟಿ ನಾಟಕ ಯಾರಿಗೆ ಬೇಡ? ನಾನು ಬಾಗಿಲು ತೆಗೆದು ಇಳಿಯಲು ಹೊರಟೆ.

‘ಎಲ್ಲಿಗೆ?’ ಎಂದಳು ಅತ್ತಿಗೆ. ‘ಕೂತ್ಕೋ. ಹೋಗುವಾಗ ಯಾರ್ಯಾರು ಇರ್ತೀವೋ ಅವರೆಲ್ಲ ಕೂತೇ ತೂಗಬೇಕು.’

‘ಊರೆಲ್ಲ ನೋಡೋ ಹಲಗೆ ಮೇಲೆ ನನ್ನ ತೂಕ ಬರಬೇಕಾ?’

‘ನಮ್ಮೆಲ್ಲರದೂ ಸೇರಿಸಿ ಬರುತ್ತೆ ಕಣೇ. ನಿಂದೆಷ್ಟು ಅಂತ ಯಾರಿಗೂ ಗೊತ್ತಾಗಲ್ಲ.’

ಪಿಕಪ್ಪಿನ ನಾಲ್ಕು ಚಕ್ರ ಮಾತ್ರ ಕಟ್ಟೆಯ ಮೇಲೆ ಬರುವಂತೆ, ಟ್ರೇಲರಿನ ಚಕ್ರಗಳು ಹಿಂದೆ ನೆಲದ ಮೇಲೇ ಉಳಿಯುವಂತೆ ನಿಲ್ಲಿಸಿದಳು. ಆಗ ಪಿಕಪ್ಪಿನ ತೂಕದ ಜೊತೆ ಟ್ರೇಲರಿನ ಮೂಗು ಕೊಕ್ಕೆಯ ಮೇಲೆ ಎಷ್ಟು ಒರಗಿದೆಯೋ ಅದೂ ಬರುತ್ತದೆ. ಕೆಂಪು ಅಂಕಿ ಓಡಿ ಓಡಿ ನಿಂತಿತು. ಅತ್ತಿಗೆ ಬಾಗಿಲು ತೆರೆದು, ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿ ಓದಿದಳು. ಈ ಗಾಡಿ ಎಲ್ಲ ಸೇರಿ ಇಷ್ಟಕ್ಕಿಂತ ಹೆಚ್ಚು ತೂಗಬಾರದು ಎಂದು ಕಾರ್ಖಾನೆಯವರು ಅಲ್ಲಿ ಬರೆದಿದ್ದರು. ಬಾಗಿಲು ತೆರೆದಾಗಲೆಲ್ಲ ಕಣ್ಣಿಗೆ ರಾಚುವ ಆ ಚೀಟಿಯನ್ನು ನಾವು ಯಾರೂ ಓದಿರಲಿಲ್ಲ. ಹಲಗೆಯ ಅಂಕಿ ಅದಕ್ಕಿಂತ ಬರೋಬ್ಬರಿ ನಾನೂರು ಪೌಂಡು ಜಾಸ್ತಿ ಇತ್ತು, ಅದೂ ಅರ್ಧ ಭಾರವನ್ನು ಬಾಲಕ್ಕೆ ಸಾಗಿಸಿದ ಮೇಲೆ.

‘ಈ ಗಾಡಿ ಮಾರಿದ ಸೇಲ್ಸ್‌ಮನ್ ಎಂಟು ಸಾವಿರ ಪೌಂಡು ಎಳೆಯುತ್ತೆ ಅಂದಿದ್ದ!’ ಓರಿನ್‌ಗೆ ತನ್ನನ್ನೇ ಬೈದಂತಾಯಿತು. ‘ನಮ್ಮ ಟ್ರೇಲರ್ ಆರು ಸಾವಿರ ಕೂಡ ಆಗಲ್ಲ.’

‘ಎಳೆಯುತ್ತೆ ರೀ, ಯಾರು ಇಲ್ಲ ಅಂದ್ರು? ಹೊರಲ್ಲ ಅಷ್ಟೇ. ಅವನು ಖಾಲಿ ಗಾಡೀಲಿ ಒಬ್ಬ ನರಪೇತಲ ಡ್ರೈವರನ್ನ ಕೂರಿಸಿ ಹೇಳಿದ ಮಾತದು. ಇಲ್ಲಿ ನೀವು, ನಾನು, ವರ್ಡೆಲ್, ನಿಮ್ಮ ಆಕ್ಸಿಜನ್, ನಿಮ್ಮ ಟೂಲ್ ಬಾಕ್ಸು, ಥೋರಾ ಮೂಟೆ, ಅದರ ಮೇಲೆ ಟ್ರೇಲರಿನ ಮೂಗು. ಎಲ್ಲಾ ಈ ನಾಲ್ಕು ಚಕ್ರದ ಮೇಲೇ ಕೂತಿದೆ. ಮೂಗಿನ ಭಾರ ಕಡಿಮೆ ಮಾಡೋಣ ಅಂತ ಬಾಲಕ್ಕೆ ಹಾಕಿದ್ವಿ, ಅದಕ್ಕೇ ಅದು ಹಾಗೆ ಕುಣೀತು. ಮೂಗು ಒರಗಬೇಕು, ಬಾಲ ಹಗುರ ಇರಬೇಕು. ಸಾಮಾನು ಇಳಿಸೋದು ಬಿಟ್ಟು ಬೇರೆ ದಾರಿ ಇಲ್ಲ.’

ಅಷ್ಟು ಉದ್ದದ ಮಾತನ್ನು ನಾನು ಅವಳ ಬಾಯಿಂದ ಕೇಳಿದ್ದೇ ಅದು ಮೊದಲು. ಇಳಿದವಳೇ ಹಿಂದಿನ ಬಾಗಿಲು ತೆರೆದು, ಒಂದೊಂದೇ ಗಂಟು ಎತ್ತಿ ಉಗ್ರಾಣದ ಅಂಗಳದಲ್ಲಿ ಸಾಲಾಗಿ ಇಡತೊಡಗಿದಳು. ಕಪ್ಪು ಹಿಡಿದ ಗಂಡಸರ ಮುಖದ ನಗು ಸೋರಿಹೋಯಿತು, ಯಾಕೆಂದರೆ ಗಂಟುಗಳೆಲ್ಲ ಅವರವೇ. ನೀರಿನ ಕ್ಯಾನಿನವನು ಹತ್ತಿರ ಬಂದ.

‘ನೀರಲ್ವಾ ಆರ್ಲಿಸ್? ನೀರಿಗೇನು ತೂಕ?’

‘ಹೊತ್ಕೊಂಡು ಮನೆಗೆ ಹೋಗು, ಗೊತ್ತಾಗುತ್ತೆ.’

ಅಬ್ಬಾ, ಇವಳು ನಮ್ಮ ಆರ್ಲಿಸ್ಸೇ ಏನು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಸುದ್ದಿ ಮುಟ್ಟಿ ಥೋರಾಳೇ ಕೋಲೂರಿಕೊಂಡು ಬಂದಳು. ತನ್ನ ಎರಡು ಮೂಟೆ ನೆಲದ ಮೇಲಿರುವುದನ್ನು ನೋಡಿದಳು.

‘ಎರಡು ಬೇಡ ಅಂದ್ರೆ ಒಂದು ಇಟ್ಕೋ ಕಣಮ್ಮ.’

‘ಬೇಡ ಥೋರಾ.’

‘ಒಂದೇ ಒಂದು. ಕಾಲ ಹತ್ರ ಇಟ್ಕೊಂಡ್ರಾಯ್ತು.’

‘ಬೇಡ ಥೋರಾ, ಬೇಜಾರು ಮಾಡ್ಕೋಬೇಡ.’

ಈಗ ಮೂರನೆಯ ಸಲ. ಅಂಗಳದಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ಥೋರಾ ಕೋಲಿನ ಮೇಲೆ ಎರಡೂ ಕೈ ಇಟ್ಟಳು. ‘ಬೋರ್ಗಿಲ್ಡ್‌ಗೆ ತೊಂಬತ್ತಾಯ್ತು ಆರ್ಲಿಸ್. ಅವಳಿಗೆ ಇದೇ ಕೊನೇ ಕ್ರಿಸ್ಮಸ್ ಆದ್ರೂ ಆಯ್ತು.’

ಅತ್ತಿಗೆಯ ಕಣ್ಣು ತುಂಬಿತು. ಆದರೆ ಕೈ ಬಾಗಿಲ ಮೇಲಿನಿಂದ ಕದಲಲಿಲ್ಲ. ‘ನನ್ನ ಗಂಡನಿಗೂ ಇದೇ ಕೊನೇದಾಗದಿರಲಿ ಅಂತ ಹೋಗ್ತಿದ್ದೀನಿ ಕಣೇ. ಇವತ್ತು ಬೆಳಗ್ಗೆ ನಿನ್ನ ಆಲೂಗಡ್ಡೆ ಜೊತೆ ಇವರನ್ನೂ ಹೊಂಡಕ್ಕೆ ಹಾಕಿಬಿಡ್ತಿದ್ದೆ. ಬೇಡ. ಒಂದು ಗಡ್ಡೇನೂ ಬೇಡ.’

ಉಫ್ ಡಾ! ಎಂದು ಯಾರೋ ಹಿಂದಿನಿಂದ ಉಸಿರುಬಿಟ್ಟರು. ನಮ್ಮವರು ಮನೆ ಕುಸಿದರೂ ಅಷ್ಟೇ ಅನ್ನುವುದು. ಥೋರಾ ಒಂದು ಗಳಿಗೆ ಅವಳನ್ನೇ ನೋಡಿ, ಕೆನ್ನೆ ತಟ್ಟಿ, ಪಕ್ಕದ ಬೆಂಚಿನ ಮೇಲೆ ಹೋಗಿ ಕೂತಳು.

ಹಂಚು, ಜಾಡಿ, ಟೂಲ್ ಬಾಕ್ಸು, ನನ್ನ ಹೊಲಿಗೆ ಯಂತ್ರ ಎಲ್ಲ ಇಳಿದವು. ಟ್ರೇಲರಿನ ನೀರಿನ ತೊಟ್ಟಿಯನ್ನೂ ಬರಿದು ಮಾಡಿದಳು. ಉಳಿದ ಅಗತ್ಯದ ಭಾರವನ್ನು ಟ್ರೇಲರಿನ ಚಕ್ರಗಳಿಗಿಂತ ತುಸು ಮುಂದೆ ಜೋಡಿಸಿ, ಮತ್ತೆ ಕಟ್ಟೆ ಹತ್ತಿಸಿದಳು. ಟ್ರೇಲರಿನ ಮೂಗು ಈಗ ಸರಿಯಾಗಿ ಒರಗಿತ್ತು, ಹಾಗಾಗಿ ಪಿಕಪ್ಪಿನ ಮೇಲೆ ಅದರ ಪಾಲು ಹೆಚ್ಚಾಗಿತ್ತು. ಹಲಗೆ ನೋಡಿದೆವು. ಇನ್ನೂ ಜಾಸ್ತಿ, ಒಬ್ಬ ಆಳಿನಷ್ಟು ಜಾಸ್ತಿ.

‘ಇನ್ನೇನು ಉಳಿದಿದೆ ಇಳಿಸೋಕೆ?’ ಎಂದ ಡ್ವೇನ್. ‘ಆ ಆಕ್ಸಿಜನ್?’

‘ನನ್ನನ್ನೇ ಇಳಿಸಿಬಿಡಿ’ ಎಂದ ಓರಿನ್. ‘ಗೋಧಿ ಜೊತೆ ಮಾರ್ಕೊಳ್ಳಿ.’

ಎಲ್ಲರೂ ನಕ್ಕರು. ಅತ್ತಿಗೆ ನಗಲಿಲ್ಲ. ಕನ್ನಡಿಯಲ್ಲಿ ಅವಳ ಕಣ್ಣು ಹಿಂದಿನ ಸೀಟಿಗೆ, ನನ್ನ ಮೇಲೆ ಬಂದು ನಿಂತಿತು. ನನಗೆ ಅರ್ಥವಾಯಿತು, ಆದರೂ ಅರ್ಥವಾಗದವಳಂತೆ ಕಿಟಕಿಯಾಚೆ ನೋಡಿದೆ.

‘ವರ್ಡೆಲ್, ನೀನು ಬರೋ ಹಾಗಿಲ್ಲ.’

‘ಏನಂದೆ?’

‘ಇಳಿ ಕಣೇ.’

ಟ್ರೇಲರ್ ಕೊಂಡಂದಿನಿಂದ ಆ ಸೀಟು ನನ್ನದು. ಅವರಿಬ್ಬರೂ ಮುನಿಸಿಕೊಂಡಾಗ ಮಾತು ದಾಟಿಸಿದವಳು ನಾನು, ದಾರಿಯುದ್ದ ಬ್ರೆಡ್ಡಿಗೆ ಬೆಣ್ಣೆ ಸವರಿ ಮುಂದಕ್ಕೆ ಕೊಟ್ಟವಳು ನಾನು. ಇಡೀ ಊರಿನ ಗಂಡಸರೆದುರು, ಆಲೂಗಡ್ಡೆ ಮೂಟೆಯಂತೆ ನನ್ನನ್ನು ಇಳಿಸುತ್ತಾಳೆಯೇ! ಕೆಳಗೆ ಕಾಲಿಟ್ಟೆ. ಆ ಕ್ಷಣವೇ ಹಲಗೆಯ ಕೆಂಪು ಅಂಕಿ ಸರಸರನೆ ಇಳಿದು, ಚೀಟಿಯಲ್ಲಿದ್ದ ಅಂಕಿಗಿಂತ ಕೆಳಗೆ ಹೋಗಿ ನಿಂತಿತು. ನನ್ನ ತೂಕ ಎಷ್ಟೆಂದು ಇನ್ನು ಊರಲ್ಲಿ ಕಳೆಯಲು ಬಲ್ಲ ಯಾರಿಗಾದರೂ ಗೊತ್ತು.

‘ಸರಿಹೋಯ್ತು!’ ಎಂದು ಡ್ವೇನ್ ಕಿಟಕಿಯಿಂದ ಕೂಗಿದ. ಮೂದೇವಿ.

ಮುಖ ಊದಿಸಿಕೊಂಡು ಥೋರಾಳ ಪಕ್ಕ ಬೆಂಚಿನ ಮೇಲೆ ಕೂತೆ. ಅತ್ತಿಗೆ ಬಂದು ಎದುರು ಕುಕ್ಕರಗಾಲಿನಲ್ಲಿ ಕೂತು ನನ್ನ ಕೈ ಹಿಡಿದಳು. ‘ನಿನಗೆ ಬೆನ್ನುಮೂಳೆ ಇದೆಯಾ ಅಂತ ನೀನೇ ತಾನೇ ಕೇಳ್ತಿದ್ದೆ?’

‘ಅದನ್ನ ನನ್ನ ಮೇಲೇ ತೋರಿಸು ಅಂತ ಹೇಳಿರಲಿಲ್ಲ’ ಎಂದೆ.

‘ಅವರ ಆಕ್ಸಿಜನ್ ಬಿಡೋಕಾಗಲ್ಲ ವರ್ಡೆಲ್.’

‘ನನಗೇನು ಗೊತ್ತಿಲ್ವಾ? ನನ್ನಣ್ಣ ಅವನು’ ಎಂದೆ. ಇಬ್ಬರೂ ಮೂಗೊರೆಸಿಕೊಂಡೆವು.

ಆಗ ಥೋರಾ ಕೆಮ್ಮಿದಳು. ‘ವರ್ಡೆಲ್, ನಿನ್ನ ಕಾರಿದೆಯಲ್ಲ. ಹೇಗೂ ಖಾಲಿ.’

‘ಬೇಡ’ ಎಂದೆ. ಇಡೀ ದೇಶ ಅಡ್ಡ ಹಾದು ಒಬ್ಬಳೇ ಕಾರು ಓಡಿಸುವುದೇ? ನನಗೇನು ತಲೆ ಕೆಟ್ಟಿದೆಯೇ?

‘ಇವರ ಹಿಂದೆ ಹಿಂದೆ ಹೋದ್ರಾಯ್ತು.’

‘ಅಯ್ಯೋ, ಆಗಲ್ಲ ಥೋರಾ.’

‘ನಮ್ಮಕ್ಕನಿಗೆ ಒಂದೇ ಒಂದು ಮೂಟೆ ಕಣೇ.’

ಮುಖಕ್ಕೆ ಹೊಡೆದಂತೆ ಮಾತಾಡುವವಳು ಎಂದು ಮೊದಲಲ್ಲೇ ಜಂಬ ಕೊಚ್ಚಿದೆನಲ್ಲ? ಅಂಗಳದ ಗಂಡಸರು, ಸಾಲಾಗಿಟ್ಟ ಗಂಟುಗಳು, ಥೋರಾಳ ಮುಖ, ಎಲ್ಲ ನನ್ನನ್ನೇ ನೋಡುತ್ತಿದ್ದವು. ‘ಇಷ್ಟು ಹೇಳ್ತಿದ್ದೀಯಲ್ಲ’ ಎಂದೆ. ‘ಅರ್ಧ ಮೂಟೆ ಹಾಕು.’

ನನ್ನ ಕಾರನ್ನೂ ಅದೇ ಕಟ್ಟೆಗೆ ಹತ್ತಿಸಿ ತೂಗಿದ ಮೇಲೆಯೇ ಅತ್ತಿಗೆ ಬಿಟ್ಟಳು. ಥೋರಾಳ ಅರ್ಧ ಮೂಟೆ, ಬಾವಿ ನೀರಿನ ಒಂದು ಕ್ಯಾನು, ಒಂದಿಷ್ಟು ಜಾಡಿ, ಅಷ್ಟಕ್ಕೇ ಸಾಕು ಎಂದಳು. ಹೊಲಿಗೆ ಯಂತ್ರ ಈಗಲೂ ಡ್ವೇನ್‌ನ ಆಫೀಸಿನಲ್ಲಿದೆ. ಅದರ ಮೇಲೆ ಕಾಫಿ ಪಾತ್ರೆ ಇಟ್ಟಿದ್ದಾನಂತೆ. ಇರಲಿ, ವಿಚಾರಿಸಿಕೊಳ್ಳುತ್ತೇನೆ.

ಎರಡು ದಿನ ಬಿಟ್ಟು, ಚಕ್ರಗಳಿಗೆ ಗಾಳಿ ಹೊಡೆಸಿ, ಮೊದಲ ಹಿಮ ಬೀಳುವ ಮೊದಲೇ ಹೊರಟೆವು. ಇಷ್ಟು ವರ್ಷ ಆ ಟ್ರೇಲರಿನ ಹಿಂಭಾಗವನ್ನು ನಾನು ಓಡುವಾಗ ನೋಡಿಯೇ ಇರಲಿಲ್ಲ. ಈಗ ಸೌತ್ ಡಕೋಟದಿಂದ ಹಿಡಿದು ನೋಡಿದ್ದೇ ಅದು. ಲಾರಿಗಳು ದಾಟಿ ಹೋದರೂ ಮನೆ ಒಂದಿಷ್ಟು ಮೈ ಕೊಡವಿ, ತಕ್ಷಣ ನೆಟ್ಟಗಾಗುತ್ತಿತ್ತು. ದಾರಿಯಲ್ಲಿ ಓರಿನ್ ಫೋನು ಮಾಡುತ್ತಿದ್ದ.

‘ನಿನ್ನತ್ತಿಗೆ ಓಡಿಸೋ ವೇಗ ನೋಡು. ಈಗೊಬ್ಬ ಟ್ರಾಕ್ಟರಿನವನು ನಮ್ಮನ್ನ ದಾಟಿ ಹೋದ. ಮಾನ ಹೋಯ್ತು.’

‘ಸುಮ್ನೆ ಕೂತು ಭೂಪಟ ನೋಡೋ’ ಎನ್ನುತ್ತಿದ್ದೆ ನಾನು.

ಅರಿಜೋನಾದ ಕಡೆಗೆ ಇಳಿಯುವ ಘಟ್ಟದ ನೆತ್ತಿಯಲ್ಲಿ ಅತ್ತಿಗೆ ಗಾಡಿ ನಿಲ್ಲಿಸಿ, ಕೆಳಗಿನ ಗೇರಿಗೆ ಹಾಕಿ, ಆಮೆಯಂತೆ ಇಳಿಯತೊಡಗಿದಳು. ಬ್ರೇಕಿನ ಕೆಂಪು ದೀಪ ಒಮ್ಮೆ ಹೊತ್ತಿ ಆರುವುದು, ಮತ್ತೆ ಬಹಳ ಹೊತ್ತು ಸುಮ್ಮನಿರುವುದು. ಅರ್ಧ ದಾರಿಯಲ್ಲಿ ನಮ್ಮಂಥದೇ ಒಂದು ಪಿಕಪ್ಪು ಬದಿಗೆ ನಿಂತಿತ್ತು, ಚಕ್ರಗಳಿಂದ ಸುಟ್ಟ ವಾಸನೆಯ ಹೊಗೆ, ಬೆನ್ನಮೇಲೆ ಆಳೆತ್ತರದ ಸಾಮಾನು. ಅದರ ಯಜಮಾನ ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನೇ ನೋಡುತ್ತಿದ್ದ. ನಾನು ಹಾರನ್ ಹೊಡೆದು ಕೈಬೀಸಿದೆ. ಹಿಂದಿನ ಸೀಟಿನಲ್ಲಿ ಕೂತಿದ್ದರೆ ನನ್ನತ್ತಿಗೆಯ ಬಗ್ಗೆ ನನಗೆ ಅಷ್ಟು ಹೆಮ್ಮೆ ಆಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ, ಬಹುಶಃ ಭಯದಲ್ಲಿ ಕಣ್ಣು ಮುಚ್ಚಿಕೊಂಡಿರುತ್ತಿದ್ದೆ.

ಹೋಗಿ ಸೇರಿದೆವು. ಬೋರ್ಗಿಲ್ಡ್ ಅರ್ಧ ಮೂಟೆ ನೋಡಿ ‘ಇಷ್ಟೇನಾ?’ ಎಂದಳು, ಆಮೇಲೆ ಕ್ರಿಸ್ಮಸ್ಸಿಗೆ ಇಡೀ ಬಯಲಿಗೆ ಸಾಲುವಷ್ಟು ಲೆಫ್ಸೆ ತಟ್ಟಿದಳು. ತೊಂಬತ್ತಾದರೇನು, ಕೈ ಇನ್ನೂ ಬಿಗಿಯಾಗಿದೆ. ಈ ಸಲವೂ ಮೂಟೆ ಕೇಳುತ್ತಾಳೆ, ಖಂಡಿತ.

ಆದರೆ ಜನವರಿಯ ಆ ಬೆಳಗಿನ ಮಾತು ಹೇಳಿ ಮುಗಿಸುತ್ತೇನೆ. ಊರಲ್ಲಿ ಉಗುಳಿದರೆ ಹೆಪ್ಪುಗಟ್ಟುವ ಚಳಿಯಂತೆ. ಅರಿಜೋನಾದಲ್ಲಿ ಓರಿನ್ ಟ್ರೇಲರಿನ ಮೆಟ್ಟಿಲ ಮುಂದೆ, ಬಿಸಿಲಿನಲ್ಲಿ, ಅಂಗಿಯ ತೋಳು ಮಡಚಿಕೊಂಡು ಕೂತಿದ್ದ. ನಳಿಕೆಯನ್ನು ಮೂಗಿನಿಂದ ತೆಗೆದು ಕೊರಳಿಗೆ ಇಳಿಬಿಟ್ಟಿದ್ದ. ಊರ ಬಾವಿಯ ನೀರಿನಲ್ಲಿ ಮಾಡಿದ ಕಾಫಿ ಹಿಡಿದು ಅತ್ತಿಗೆ ಬಾಗಿಲಿಗೆ ಬಂದಳು. ನಾನು ಪಕ್ಕದಲ್ಲೇ ಬಟ್ಟೆ ಒಣಹಾಕುತ್ತಿದ್ದೆ.

‘ಕಾಫಿ ಬೇಕಾರೀ?’

‘ಬೇಡ ಬೇಡ, ಈಗಷ್ಟೇ ಕುಡಿದೆನಲ್ಲ’ ಎಂದ ಓರಿನ್.

ಅತ್ತಿಗೆ ಹಾಗೇ ನಿಂತುಬಿಟ್ಟಳು. ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ನಿಂತಿತು.

‘ಒಂಚೂರು ಕುಡೀರಿ.’

‘ಅಯ್ಯೋ, ನಿನಗ್ಯಾಕೆ ಸುಮ್ಮನೆ ತೊಂದರೆ? ಬೆಳಗ್ಗಿಂದ ಒಂದೇ ಸಮ ಕೆಲಸ ಮಾಡ್ತಿದ್ದೀಯ, ಬಾ, ಇಲ್ಲಿ ಬಿಸಿಲಲ್ಲಿ ಕೂತ್ಕೋ.’ ಒಂದೇ ಉಸಿರಿನಲ್ಲಿ, ಎಲ್ಲಿಯೂ ನಿಲ್ಲದೆ, ಕೆಮ್ಮದೆ.

ಅತ್ತಿಗೆ ಮೂರನೆಯ ಸಲ ಕೇಳಲು ಬಾಯಿ ತೆರೆದಳು, ಆಗಲಿಲ್ಲ, ಅಳುತ್ತಿದ್ದಳು. ಅದಕ್ಕೆ ನಾನೇ ಅವಳ ಪರವಾಗಿ ಕೇಳಿದೆ.